ಮೈಕಿನಲ್ಲಿ ಓದದೆ ಉಳಿದ ಸುದ್ದಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶಿವನಿಯಿಂದ ರೈಲಿನಲ್ಲಿ ಕಡೂರಿನ ಕಾಲೇಜಿಗೆ ಹೋಗುತ್ತಿದ್ದೆ. ಅಲ್ಲಿ ಪತ್ರಿಕೋದ್ಯಮವೆಂಬ ವಿಷಯವೇ ಇರಲಿಲ್ಲ. ಇದ್ದದ್ದು ಸ್ವಾತಂತ್ರ್ಯ ದಿನಕ್ಕೆಂದು ತಂದ ಒಂದು ಮೈಕ್ ಸೆಟ್ಟು. ಇಂಗ್ಲಿಷ್ ಕಲಿಸುತ್ತಿದ್ದ ಮೇಡಂ ಪ್ರಿನ್ಸಿಪಾಲರನ್ನು ಒಪ್ಪಿಸಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅದರಲ್ಲಿ ಕಾಲೇಜಿನ ವಾರ್ತೆ ಓದಿಸಲು ಶುರುಮಾಡಿದರು. ಬರೆಯುವವರೂ ಓದುವವರೂ ನಾವು ಮೂವರೇ: ನಾನು, ಅಜ್ಜಂಪುರದಲ್ಲಿ ರೈಲು ಹತ್ತುತ್ತಿದ್ದ ನನ್ನ ಗೆಳತಿ, ಮತ್ತು ಕ್ರೀಡಾ ವಾರ್ತೆ ಓದುತ್ತಿದ್ದ ತರೀಕೆರೆಯ ಹುಡುಗ.

ಒಂದು ಸೋಮವಾರ ನಾನೂ ಗೆಳತಿಯೂ ಕಾಲೇಜಿನ ಗೇಟು ದಾಟುವಷ್ಟರಲ್ಲಿ ಸುದ್ದಿ ಕಾದಿತ್ತು. ತರೀಕೆರೆಯಿಂದ ಬರುವ ಬೆಳಗಿನ ಬಸ್ಸು ಉರುಳಿದೆ, ನಮ್ಮ ಕ್ರೀಡಾ ವಾರ್ತೆಯ ಹುಡುಗ ಹೋಗಿಬಿಟ್ಟ ಎಂದು. ಹುಡುಗರು ಮರದ ಕೆಳಗೆ ಗುಂಪುಗೂಡಿದ್ದರು. ಪ್ರಿನ್ಸಿಪಾಲರು ಶೋಕಸಭೆ ಮಾಡಿ ರಜೆ ಕೊಡೋಣ ಎಂದರು. ಗೆಳತಿ ಅಳುತ್ತಲೇ ನಾಲ್ಕು ಸಾಲು ಬರೆದಳು. ಅದನ್ನು ಹಿಡಿದು ನಾನು ಮೈಕಿನ ಮುಂದೆ ನಿಂತಾಗ ಮೇಡಂ ಬಂದರು. ಅವರ ಕಣ್ಣೂ ಕೆಂಪಾಗಿತ್ತು.

"ನೋಡ್ದೋರು ಯಾರು?" ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳುತ್ತಿದ್ದಾರಂತೆ ಎಂದೆ.

"ನೋಡ್ದೋರು ಒಬ್ರೂ ಸಿಗ್ಲಿಲ್ಲ ಅಂದ್ರೆ ಓದ್ಬೇಡ. ಅವನ ಮನೆಯೋರು ಇದನ್ನ ನಮ್ಮ ಮೈಕಿಂದ ಕೇಳೋ ಹಂಗಾಗ್ಬಾರ್ದು."

ಪ್ರಿನ್ಸಿಪಾಲರಿಗೆ ಇದು ಅಷ್ಟು ಹಿಡಿಸಲಿಲ್ಲ. ಆದರೂ ಮಧ್ಯಾಹ್ನದವರೆಗೆ ಕಾಯಲು ಒಪ್ಪಿದರು. ಮೇಡಂ ನಮ್ಮಿಬ್ಬರನ್ನೂ ತಾವೇ ತರೀಕೆರೆ ಬಸ್ಸು ಹತ್ತಿಸಿ, ಕಣ್ಣಾರೆ ನೋಡಿದ್ದನ್ನು ಮಾತ್ರ ಫೋನ್ ಮಾಡಿ ತಿಳಿಸಬೇಕೆಂದು ಹೇಳಿ ಕಳಿಸಿದರು. ತರೀಕೆರೆ ಹತ್ತಿರವಾದಾಗ ರಸ್ತೆ ಪಕ್ಕದ ಗದ್ದೆಗೆ ಮಗುಚಿಕೊಂಡ ಬಸ್ಸು ಕಂಡಿತು. ಗೆಳತಿ ನನ್ನ ಕೈ ಹಿಡಿದುಕೊಂಡವಳು ಇಳಿಯುವವರೆಗೂ ಬಿಡಲಿಲ್ಲ.

ಸರ್ಕಾರಿ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನಿಂತು ಒಳಗೆ ಹೋಗಲು ಹೆದರಿದೆವು. ಆಗ ಒಳಗಿನಿಂದಲೇ ಅವನ ದನಿ ಕೇಳಿತು.

"ಇಬ್ರೂ ಇಲ್ಲಿಗೆ ಬಂದ್ಬಿಟ್ರೆ ಇವತ್ತು ವಾರ್ತೆ ಓದೋರ್ಯಾರ್ರೀ?"

ತಲೆಗೆ ಪಟ್ಟಿ, ಬಲಗೈಗೆ ಬಿದಿರ ದಬ್ಬೆ ಕಟ್ಟಿ ಮಲಗಿಸಿದ್ದರು. ನಾವಿಬ್ಬರೂ ಅತ್ತುಬಿಟ್ಟೆವು. ಪಕ್ಕದಲ್ಲಿ ಕೂತಿದ್ದ ಅವನ ತಾಯಿಗೆ ನಾವು ಯಾಕೆ ಅಳುತ್ತಿದ್ದೇವೆಂದು ಗೊತ್ತಾಗಲಿಲ್ಲ. ಮಗ ಕೈ ಮುರಿದುಕೊಂಡದ್ದಕ್ಕೆ ಇಷ್ಟು ಸಂಕಟಪಡುತ್ತಾರಲ್ಲ ಎಂದು ಅವರೇ ನಮ್ಮನ್ನು ಸಮಾಧಾನ ಮಾಡಿ, ಫ್ಲಾಸ್ಕಿನ ಕಾಫಿ ಬಗ್ಗಿಸಿ ಕೊಟ್ಟರು. ಕಡೂರಿನಲ್ಲಿ ಹಬ್ಬಿದ್ದ ಮಾತನ್ನು ನಾವು ಅವರಿಗೆ ಹೇಳಲಿಲ್ಲ. ಬಸ್ಸಿನಲ್ಲಿದ್ದವರಲ್ಲಿ ಯಾರ ಜೀವಕ್ಕೂ ಅಪಾಯವಿಲ್ಲವೆಂದು ಡಾಕ್ಟರನ್ನು ಕೇಳಿ ಖಚಿತ ಮಾಡಿಕೊಂಡೆವು.

ಅಂಚೆ ಕಚೇರಿಗೆ ಓಡಿ ಕಾಲೇಜಿಗೆ ಟ್ರಂಕ್ ಕಾಲ್ ಹಾಕಿಸಿದೆವು. ಲೈನು ಸಿಗಲು ಬಹಳ ಹೊತ್ತಾಯಿತು. ಮೇಡಂ ಫೋನಿನ ಹತ್ತಿರವೇ ಕೂತಿದ್ದರೆಂದು ಕಾಣುತ್ತದೆ. ನೀನೇ ನೋಡಿದೆಯಾ, ಮಾತಾಡಿದನಾ, ಡಾಕ್ಟರು ಏನೆಂದರು ಎಂದು ಒಂದೊಂದಾಗಿ ಕೇಳಿದರು. ಕೊನೆಗೆ, "ಹುಷಾರಾಗಿ ಬನ್ರಮ್ಮಾ" ಎಂದರು.

ಆ ದಿನದ ವಾರ್ತೆಯನ್ನು ಅವರೇ ಓದಿದರಂತೆ. ನಮ್ಮ ವರದಿಗಾರ್ತಿಯರು ತರೀಕೆರೆಗೆ ಹೋಗಿ ಸ್ವತಃ ನೋಡಿ ತಿಳಿಸಿದ್ದಾರೆ ಎಂದು ಮೊದಲು ಹೇಳಿ, ಆಮೇಲೆ ಹುಡುಗ ಕ್ಷೇಮವಾಗಿದ್ದಾನೆ ಎಂದರಂತೆ. ಅದುವರೆಗೆ ನಮ್ಮನ್ನು ಯಾರೂ ವರದಿಗಾರ್ತಿಯರೆಂದು ಕರೆದಿರಲಿಲ್ಲ. ಮಾರನೆಯ ದಿನ ರೈಲಿನಲ್ಲಿ ಗೆಳತಿ ಆ ಪದವನ್ನು ಮತ್ತೆ ಮತ್ತೆ ಹೇಳಿಕೊಂಡು ನಕ್ಕಳು.

ಬಿ.ಎ. ಮುಗಿಸಿ ನಾನು ಪತ್ರಿಕೋದ್ಯಮ ಓದಲು ಮೈಸೂರಿಗೆ ಹೋದೆ. ಮೊದಲ ರಜೆಗೆ ಬರುವಾಗ ಕಡೂರಿನಲ್ಲಿ ಇಳಿದು ಮೇಡಂ ಮನೆಗೆ ಹೋಗಿ, ನಾನು ಈ ದಾರಿ ಹಿಡಿದದ್ದು ನಿಮ್ಮಿಂದಲೇ ಎಂದು ಹೇಳಿದೆ. ಅವರು ನಾಚಿಕೊಂಡಂತೆ ಒಳಗೆ ಹೋಗಿ ತಟ್ಟೆ ಹಾಕಿದರು. ಊಟಕ್ಕೆ ಕೂತ ಮೇಲೆ, ಅಲ್ಲಿ ಏನೇನು ಕಲಿಸುತ್ತಾರೆ ಎಂದು ವಿವರವಾಗಿ ಕೇಳುತ್ತಾ ಹೋದರು.