ಎಡಗಡೆಯ ಮರೆ

ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಚ್ಚಲು ಬಾರದೆ ನೀವಿಬ್ಬರೂ ಮೊನ್ನೆ ಅಡುಗೆಮನೆಯಲ್ಲಿ ಕಿತ್ತಾಡಿದ್ದು ನನಗೆ ಕೇಳಿಸಿತು, ಮಕ್ಕಳೇ. ಒಬ್ಬಳು ಬಿಸಿನೀರು ಹುಯ್ಯೋಣ ಎಂದಳು, ಇನ್ನೊಬ್ಬ ಬಾಗಿಲ ಸಂದಿಗೆ ಸಿಕ್ಕಿಸೋಣ ಎಂದ. ಯಾವ ಕಡೆಗೆ ತಿರುಗಿಸುತ್ತಿದ್ದೇವೆ ಎಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ನನಗೆ ಬೇಸರವೇನೂ ಆಗಲಿಲ್ಲ. ನಮ್ಮ ಮನೆತನದ ಬುದ್ಧಿ ದಾರಿಯಲ್ಲೆಲ್ಲೂ ಸೋರಿಹೋಗದೆ ನಿಮ್ಮವರೆಗೂ ಬಂದು ಮುಟ್ಟಿದೆಯಲ್ಲ ಎಂದು ಸಮಾಧಾನವೇ ಆಯಿತು.

ಆ ಬುದ್ಧಿ ಎಂಥದ್ದೆಂದು ನೀವು ತಿಳಿದಿರಬೇಕು. ನಿಮ್ಮಪ್ಪನ ಲಾರಿಯ ಬೋಲ್ಟು ಮುರಿದ ದಿನ ನೀವು ಸಿರಿಗೆರೆಯ ಶಾಲೆಯಲ್ಲಿದ್ದಿರಿ. ಅವತ್ತು ಇಡೀ ಊರು ನಮ್ಮ ಅಂಗಳದಲ್ಲಿತ್ತು, ನಾನು ಎಂದಿನಂತೆ ಬಾಗಿಲ ಮರೆಯಲ್ಲಿದ್ದೆ.

ಈ 'ಮರೆ' ಎಂಬ ಮಾತನ್ನೇ ನೋಡಿ. ಬಾಗಿಲ ಹಿಂದೆ ನಿಲ್ಲುವುದು ಮರೆ. ನೆನಪು ಜಾರಿದರೂ ಮರೆ. ಬೋಲ್ಟಿನ ಮೈಗೆ ಬಳ್ಳಿಯ ಹಾಗೆ ಸುತ್ತಿಕೊಂಡ ಸಣ್ಣ ಗೆರೆಯಿರುತ್ತದಲ್ಲ, ನಟ್ಟು ಹಿಡಿದು ಕೂರುವುದು ಅದರಲ್ಲೇ. ಅದಕ್ಕೂ ಗ್ಯಾರೇಜಿನವರು ಮರೆ ಎನ್ನುತ್ತಾರೆ. ಮೊದಲನೆಯದರಲ್ಲಿ ನನಗೆ ಮದುವೆಯಾದಂದಿನಿಂದ ಅನುಭವವಿದೆ, ಎರಡನೆಯದು ಈಚೆಗೆ ತಾನಾಗಿ ಬರುತ್ತಿದೆ. ಮೂರನೆಯದನ್ನು ಕಲಿಸಿದವನು ನನ್ನ ತಮ್ಮ ಈರಣ್ಣ, ನಿಮ್ಮ ಈರಜ್ಜ. ತಿಳಿದು ಕಲಿಸಲಿಲ್ಲ, ಮುರಿದು ಕಲಿಸಿದ.

ಈರುಳ್ಳಿ ತುಂಬಿದ ಲಾರಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕಿತ್ತು. ಬೆಳಿಗ್ಗೆ ನೋಡಿದರೆ ಹಿಂದಿನ ಎಡಗಡೆಯ ಚಕ್ರಕ್ಕೆ ಮೊಳೆ ಹೊಕ್ಕು ಗಾಳಿ ಇಳಿದಿತ್ತು. ಪಂಕ್ಚರ್ ಹಾಕುವ ದಾದಾಪೀರನಿಗೆ ಫೋನು ಮಾಡಿ ನಿಮ್ಮಪ್ಪ ಸ್ನಾನಕ್ಕೆ ಹೋದ. ಅವನು ಮೈಮೇಲೆ ನೀರು ಹಾಕಿಕೊಳ್ಳುವಷ್ಟರಲ್ಲಿ ಈರಣ್ಣ ಉಪಕಾರ ಮಾಡಲು ಹೊರಟ. ಉಪಕಾರ ಮಾಡುವವರನ್ನು ತಡೆಯುವ ಶಕ್ತಿ ದೇವರಿಗೂ ಇಲ್ಲ. ಲೋಕದ ನಟ್ಟುಗಳೆಲ್ಲ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತವೆ ಎಂದು ಅವನೂ ಎಡಕ್ಕೇ ತಿರುಗಿಸಿದ. ಜಗ್ಗಲಿಲ್ಲ. ನಟ್ಟು ತಿರುಗಿಸುವ ಪಾನಾದ ತುದಿಗೆ ಕಬ್ಬಿಣದ ಪೈಪು ಸಿಕ್ಕಿಸಿದ. ಆಗಲೂ ಜಗ್ಗಲಿಲ್ಲ. ಕೊನೆಗೆ ಪೈಪಿನ ಮೇಲೆ ಹತ್ತಿ ನಿಂತು, ಅಂಗಳದಲ್ಲಿ ಸೇರಿದ್ದವರ ಹುರುಪಿನ ನಡುವೆ ಕುಣಿದ. ಟಣ್ ಎಂದು ಸದ್ದಾಯಿತು. ಬೋಲ್ಟಿನ ಅರ್ಧ ನೆಲದ ಮೇಲಿತ್ತು, ಈರಣ್ಣ ಪೂರ್ತಿ ನೆಲದ ಮೇಲಿದ್ದ.

ದಾದಾಪೀರ್ ಬಂದವನೇ ಮುರಿದ ತುಂಡನ್ನು ಎತ್ತಿ ಹಿಡಿದ. "ಯಾರಪ್ಪ ಈ ಭೀಮಸೇನ?"

"ನಾನೇ," ಎಂದ ಈರಣ್ಣ, ಹೊಗಳಿಕೆಯೆಂದು ತಿಳಿದು.

"ಬಿಚ್ಚೋದು ಬಿಟ್ಟು ಬಿಗಿ ಮಾಡೀರಲ್ರೀ! ಈ ಲಾರಿಗೆ ಕ್ಲೀನರ್ ಸೈಡು, ಅಂದ್ರೆ ಎಡಗಡೆ, ಮರೆ ಉಲ್ಟಾ ಇರ್ತೈತೆ. ಬಲಕ್ಕೆ ತಿರುಗಿಸಿದ್ರೆ ಬಿಚ್ತೈತೆ. ಬೋಲ್ಟಿನ ತುದಿಗೆ ಗುರುತು ಹಾಕಿರ್ತಾರೆ, ಕಾಣಲಿಲ್ವಾ?"

ಕಾಣುವುದು ಹೇಗೆ? ಆಯುಧಪೂಜೆಗೆ ಲಾರಿ ಚಂದ ಕಾಣಲಿ ಎಂದು ನಟ್ಟು ಬೋಲ್ಟುಗಳಿಗೆಲ್ಲ ಹಳದಿ ಬಣ್ಣ ಬಳಿದವನೂ ಈರಣ್ಣನೇ. ಗುರುತು ಆ ಬಣ್ಣದ ಕೆಳಗೆ ತಣ್ಣಗೆ ಮಲಗಿತ್ತು.

"ಉಲ್ಟಾ ಮಾಡಿದ್ದು ಯಾರು?" ಎಂದು ಈರಣ್ಣ ಗದರಿದ.

"ಕಂಪನಿಯೋರು."

"ಮಾಡೋಕೆ ಮುಂಚೆ ನಮ್ಮನ್ನೊಂದು ಮಾತು ಕೇಳಬೇಕಿತ್ತು."

ದಾದಾಪೀರ್ ಉಳಿದ ನಟ್ಟುಗಳನ್ನು ಬಿಚ್ಚಿ ಪಂಕ್ಚರ್ ಹಾಕಿದ. ಆದರೆ ಆ ಕಡೆಯ ಜೋಡಿ ಚಕ್ರಗಳೆರಡನ್ನೂ ಕಳಚಿ ಬ್ರೇಕಿನ ಡ್ರಮ್ಮು ತೆಗೆದರೆ ಮಾತ್ರ ಮುರಿದ ಬೋಲ್ಟನ್ನು ಹೊರಗೆ ಬಡಿಯಬಹುದು, ಹೊಸದನ್ನು ದುರ್ಗದಿಂದ ತರಬೇಕು ಎಂದ. ಅಷ್ಟು ಹೊತ್ತು ಯಾರಿಗಿದೆ? ಲಾರಿ ತಮ್ಮದಲ್ಲವಾದ್ದರಿಂದ ಅಂಗಳದ ಹಿರಿಯರು ಹಾಗೆಯೇ ಹೋಗಲಿ ಎಂದು ಧೈರ್ಯವಾಗಿ ತೀರ್ಮಾನಿಸಿದರು.

"ಒಂದು ಬೋಲ್ಟು ಇಲ್ಲಾಂದ್ರೆ ಲಾರಿ ಕುಂಟ್ತೈತಾ? ಹೋಗ್ಬರಲಿ ಬಿಡ್ರಿ, ಈರುಳ್ಳಿ ಮೊಳಕೆ ಬರ್ತಾವೆ," ಎಂದ ಈರಣ್ಣ.

"ಹೋಗ್ಬೋದು," ಎಂದ ದಾದಾಪೀರ್. "ಘಾಟಿ ತಂಕ. ಆಮೇಲೆ ಲಾರಿ ಒಂದ್ ಕಡೆ, ಚಕ್ರ ಒಂದ್ ಕಡೆ."

ಎಲ್ಲರೂ ನಕ್ಕರು. ಆಗಲೇ ಸ್ನಾನ ಮುಗಿಸಿ ಬಂದಿದ್ದ ನಿಮ್ಮಪ್ಪ ನಗಲಿಲ್ಲ, ಬೇಡವೆಂದೂ ಹೇಳಲಿಲ್ಲ. ಸೋದರಮಾವನ ಮುಖ, ಮುರಿದ ಬೋಲ್ಟು ಎರಡನ್ನೂ ನೋಡಿ ತಲೆ ಕೆರೆದುಕೊಳ್ಳುತ್ತ ನಿಂತ. ಕೂಡು ಕುಟುಂಬದಲ್ಲಿ ಬಾಳಿದವಳಿಗೆ ಒಂದು ಬೋಲ್ಟು ಹೋದರೆ ಏನಾಗುತ್ತದೆಂದು ಯಾರೂ ವಿವರಿಸಬೇಕಿಲ್ಲ. ಒಬ್ಬ ಕೈ ಬಿಟ್ಟರೆ ಅವನ ಭಾರ ಪಕ್ಕದವನ ಮೇಲೆ ಬೀಳುತ್ತದೆ. ಪಕ್ಕದವನು ಸ್ವಲ್ಪ ದಿನ ಮಾನಕ್ಕಾಗಿ ಹೊರುತ್ತಾನೆ, ಆಮೇಲೆ ಅವನೂ ಮುರಿಯುತ್ತಾನೆ. ಘಾಟಿಯ ತಿರುವಿನಲ್ಲಿ ಬೋಲ್ಟುಗಳಿಗೆ ಮಾನದ ಚಿಂತೆ ಎಷ್ಟಿರುತ್ತದೋ ಕಾಣೆ. ಆ ಚಕ್ರದ ಮೇಲೆ ಕೂತು ಹೋಗುವವನು ನನ್ನ ಮಗ.

ಹೊರಗೆ ಬಂದು ಹೇಳಬಹುದಿತ್ತು ಎನ್ನುತ್ತೀರಿ. ಗಂಡಸರು ಕೂಡಿದ ಅಂಗಳದಲ್ಲಿ ನಾನು ಬಾಯಿ ತೆರೆದರೆ ಮೊದಲು ನನ್ನ ಧ್ವನಿ ಕೇಳಿ ಬೆರಗಾಗುತ್ತಿದ್ದರು, ಆಮೇಲೆ "ನೀನು ಸುಮ್ನಿರಕ್ಕ, ನಿಂಗೇನು ಗೊತ್ತಾಗ್ತೈತೆ" ಎನ್ನುತ್ತಿದ್ದರು. ಅಷ್ಟು ಶ್ರಮವೇಕೆ? ದೇವರ ಪಟದ ಪಕ್ಕದ ಮೊಳೆಯಲ್ಲಿ ಲಾರಿಯ ಬೀಗದ ಕೈ ತೂಗುತ್ತಿತ್ತು. ಅದನ್ನು ತೆಗೆದು ಎಲೆಅಡಿಕೆ ಸಂಚಿಯೊಳಗೆ ಹಾಕಿ, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿ, ಅವರೆಕಾಯಿ ಸುಲಿಯುತ್ತ ಕೂತೆ.

ಆಮೇಲೆ ನೋಡಬೇಕಿತ್ತು ಆ ಪುರುಷಸಿಂಹಗಳನ್ನು. ಹಾಸಿಗೆ ಕೊಡವಿದರು, ರಾಗಿ ಡಬ್ಬಿಗೆ ಕೈ ಹಾಕಿದರು. ಹನುಮಪ್ಪನಿಗೆ ಕಾಯಿ ಹರಕೆ ಹೊತ್ತರೆ ಸಿಗುತ್ತದೆ ಎಂದ ಒಬ್ಬ. ಈರಣ್ಣನ ಜೇಬು ನೋಡಿ ಎಂದ ಇನ್ನೊಬ್ಬ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಮರೆಯಲ್ಲಿರುವವರಿಗೆ ಇದೊಂದು ಅನುಕೂಲ: ಇದ್ದಾರೆಂದು ಯಾರಿಗೂ ನೆನಪಿರುವುದಿಲ್ಲ.

ಬೀಗದ ಕೈ ಸಿಗುವ ತನಕ ಮಾಡುವುದೇನು, ಹೊಸ ಬೋಲ್ಟನ್ನಾದರೂ ತರಲಿ ಎಂದು ಈರಣ್ಣನನ್ನು ಬೈಕಿನ ಮೇಲೆ ದುರ್ಗಕ್ಕೆ ಅಟ್ಟಿದರು. ತಂದ ಬೋಲ್ಟನ್ನು ದಾದಾಪೀರ್ ನೋಡಿ ಹಣೆ ಬಡಿದುಕೊಂಡ. ಅದು ಬಲಗಡೆಯದು.

"ಅಂಗಡಿಯೋನು ಯಾವ ಸೈಡು ಅಂತ ಕೇಳಿದ. ಬಲ ಅಂದೆ. ಸರಿಯಾಗೇ ಐತಲ್ಲ!" ಎಂದು ಈರಣ್ಣ ಲಾರಿಯ ಮೂತಿಯ ಎದುರು ಕೈಮುಗಿಯುವವನಂತೆ ನಿಂತು ತೋರಿಸಿದ. "ನೋಡ್ರಿ, ಇಲ್ಲಿಂದ ಆ ಚಕ್ರ ನನ್ನ ಬಲಕ್ಕೇ ಐತೆ."

ಅವನ ತಪ್ಪಲ್ಲ, ಮಕ್ಕಳೇ. ಎತ್ತಿನ ಕಾಲದಲ್ಲಿ ನೊಗದ ಎಡಗೋಲಿನೆತ್ತು, ಬಲಗೋಲಿನೆತ್ತು ಎಂದರೆ ತೊಟ್ಟಿಲ ಕೂಸಿಗೂ ಗೊತ್ತಿತ್ತು, ಏಕೆಂದರೆ ನಾವು ಎತ್ತಿನ ಹಿಂದೆ ನಿಂತು ದುಡಿಯುತ್ತಿದ್ದೆವು. ಲಾರಿಗೆ ಮಾತ್ರ ಮುಂದೆ ನಿಂತು ಮಂಗಳಾರತಿ ಎತ್ತುತ್ತೇವೆ. ಎದುರಿಗೆ ನಿಂತು ಕೈಮುಗಿದ ಯಾವುದರ ಎಡಬಲವೂ ನಮಗೆ ತಿಳಿಯದು. ದೇವರದ್ದೂ ಅಷ್ಟೇ, ಗಂಡನದ್ದೂ ಅಷ್ಟೇ.

"ಹೋಗ್ರಿ, ಕ್ಲೀನರ್ ಸೈಡು ಅನ್ರಿ. ಎಡ ಬಲ ಅನ್ನೋ ಮಾತೇ ಎತ್ತಬ್ಯಾಡ್ರಿ," ಎಂದು ದಾದಾಪೀರ್ ಅವನನ್ನು ತಿರುಗಿ ಕಳಿಸಿದ.

ಈರಣ್ಣ ಸರಿಯಾದ ಬೋಲ್ಟು ತರುವಷ್ಟರಲ್ಲಿ ದಾದಾಪೀರ್ ಹಳೆಯ ಬೋಲ್ಟಿನ ಬುಡವನ್ನು ಸುತ್ತಿಗೆಯಿಂದ ಬಡಿದು ಹಿಂದಕ್ಕೆ ಹೊರಡಿಸಿದ್ದ. ಹೊಸದನ್ನು ಹಿಂದಿನಿಂದ ತೂರಿಸಿ, ತಲೆ ಸರಿಯಾಗಿ ಕೂರುವ ತನಕ ಬಡಿದು, ಡ್ರಮ್ಮು, ಚಕ್ರ ಏರಿಸಿ, ನಟ್ಟುಗಳನ್ನು ಒಂದಕ್ಕೊಂದು ಎದುರಾಗಿ ಬಿಗಿದ. ಸ್ವಲ್ಪ ದೂರ ಓಡಿಸಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು, ಹೊಸ ಬೋಲ್ಟು ಹೊಸ ಸೊಸೆಯ ಹಾಗೆ, ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು ಎಂದ. ಹೊಸ ಸೊಸೆಯನ್ನು ಸುತ್ತಿಗೆಯಿಂದ ಬಡಿದು ಕೂರಿಸುವ ಪದ್ಧತಿ ಅವನಿಗೂ ತಿಳಿದಿದ್ದಂತಿತ್ತು.

ಬಿಸಿಲು ಇಳಿಯುವ ಹೊತ್ತು. ಹೊರಗೆ ಬೀಗದ ಕೈಗಾಗಿ ಹುಲ್ಲಿನ ಬಣವೆ ಕೆದಕುತ್ತಿದ್ದರು. ನಿಮ್ಮಪ್ಪ ಅಡುಗೆಮನೆಗೆ ಬಂದು ನನ್ನೆದುರು ಕುಕ್ಕರುಗಾಲಿನಲ್ಲಿ ಕೂತ.

"ಅವ್ವಾ, ಸಂಚಿ ತಗಿ."

"ಎಲೆ ಹಾಕ್ಕಂತೀಯೇನಪ್ಪ?"

"ಬೆಳಿಗ್ಗೇನೇ ನೋಡಿದೀನಿ, ತಗಿ. ಸ್ನಾನ ಮಾಡಿ ಬರ್ವಾಗ ಮೊಳೆ ಮೇಲೆ ಇತ್ತು, ಆಮೇಲೆ ಇರ್ಲಿಲ್ಲ. ಒಳಗೆ ಇದ್ದೋಳು ನೀನೊಬ್ಬಳೇ."

"ಗೊತ್ತಿದ್ದೂ ಅವರನ್ನ ಹುಡುಕೋಕೆ ಬಿಟ್ಯಾ?"

ಅವನು ಒಂದು ಅವರೆಕಾಯಿ ಸುಲಿದ. "ನಂಗೂ ಹಂಗೇ ಹೋಗೋಕೆ ಮನಸ್ಸಿರ್ಲಿಲ್ಲ ಕಣವ್ವ. ಮಾವನ ಮುಂದೆ ಹೆಂಗೆ ಹೇಳಲಿ?"

ಸಂಕೋಚ ಹೆಂಗಸರ ಒಡವೆ ಎಂದು ಯಾರು ಹೇಳಿದರೋ! ಅಂಗಳದ ನಡುವೆ ಹಾಡುಹಗಲಲ್ಲಿ ನಿಂತಿದ್ದ ನನ್ನ ಮಗನೂ ಅವತ್ತೆಲ್ಲ ಒಂದು ಮರೆಯಲ್ಲೇ ಇದ್ದ; ಅವನಿಗೆ ಬಾಗಿಲೊಂದು ಇರಲಿಲ್ಲ, ಅಷ್ಟೇ. ಬೀಗದ ಕೈ ಕೊಟ್ಟೆ.

ಲಾರಿ ಹೊರಟಿತು. ಈರಣ್ಣನೂ ಉಳಿದವರೂ ಜಗಲಿಯ ಮೇಲೆ ಕಾಫಿ ಕುಡಿಯುತ್ತ, ಬೋಲ್ಟು ಹಾಕಿಸಲೇಬೇಕೆಂದು ತಾವು ಹಟ ಹಿಡಿದದ್ದನ್ನು ಒಬ್ಬರಿಗೊಬ್ಬರು ನೆನಪಿಸಿಕೊಳ್ಳುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಫೋನು ಬಂತು.

"ಅವ್ವಾ, ಹೊಸದುರ್ಗದ ಹತ್ರ ನಿಲ್ಸಿದೀನಿ. ಎಲ್ಲ ಇನ್ನೊಂದ್ಸಲ ಬಿಗಿ ಮಾಡಿದೆ. ಗಟ್ಟಿ ಅವೆ."

ನಾನು ಫೋನು ಹಿಡಿದು ಹೊಸ್ತಿಲು ದಾಟಿ ಜಗಲಿಗೆ ಬಂದೆ. ಅಷ್ಟು ಜನರ ಎದುರಿಗೆ, ಎಲ್ಲರಿಗೂ ಕೇಳುವ ಹಾಗೆ, ನನಗೇ ಗುರುತು ಸಿಗದ ಧ್ವನಿಯಲ್ಲಿ ಕೇಳಿದೆ:

"ಯಾವ ಕಡೆಗೆ ತಿರುಗಿಸ್ದೆ?"

ಈರಣ್ಣ ಲೋಟ ಕೆಳಗಿಟ್ಟು, ಗಾಳಿಯಲ್ಲಿ ಕೈಯನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ತಿರುವಿ ನೋಡಿಕೊಳ್ಳತೊಡಗಿದ.