ನಾಣ್ಯದ ಮೇಲಿನ ಹೆಂಗಸು

ನಮ್ಮ ಚಿಕ್ಕಪ್ಪ ಟಂಕಸಾಲೆಯಲ್ಲಿ ಅಚ್ಚು ಕೊರೆಯುವವನು. ದೇಶಕ್ಕೆಲ್ಲ ದುಡ್ಡು ಹುಟ್ಟಿಸುವ ಈ ಮಹಾನುಭಾವ ಸಂಜೆ ಗೇಟಿನಲ್ಲಿ ಕಾವಲಿನವನ ಮುಂದೆ ಬಾಯಿ ಅಗಲಿಸಿ, ಜೇಬು ಹೊರಕ್ಕೆಳೆದು ತೋರಿಸಿಯೇ ಮನೆಗೆ ಬರಬೇಕಿತ್ತು. ಉಕ್ಕಿನ ಅಚ್ಚಿನಲ್ಲಿ ಎಲ್ಲವನ್ನೂ ಎಡಬಲ ತಿರುಗಿಸಿ ಕೊರೆದರೇ ನಾಣ್ಯದ ಮೇಲೆ ಸರಿಯಾಗಿ ಮೂಡುತ್ತದೆ. ಮೂವತ್ತನಾಲ್ಕು ವರ್ಷ ಹೀಗೆ ಕೊರೆದೂ ಕೊರೆದೂ ಅವನ ಬುದ್ಧಿಯೂ ಉಲ್ಟಾ ಆಗಿದೆ ಎಂಬುದು ಚಿಕ್ಕಮ್ಮನ ತೀರ್ಪು. ಬಲಕ್ಕೆ ತಿರುಗಿ ಎಂದರೆ ಎಡಕ್ಕೆ ತಿರುಗುತ್ತಿದ್ದ, ಅದು ನಿಜ.

ನಿವೃತ್ತಿಗೆ ಒಂದು ವರ್ಷ ಇದ್ದಾಗ ಹೊಸ ನಾಣ್ಯದ ಕೆಲಸ ಬಂತು: ತೆನೆ ಹಿಡಿದ ಹೆಂಗಸು. ಬದುಕಿರುವ ಯಾರ ಮುಖವನ್ನೂ ಹೋಲಬಾರದು ಎಂದು ಸಾಹೇಬರು ಬರೆದೇ ಕೊಟ್ಟಿದ್ದರು. ಚಿಕ್ಕಪ್ಪ ಸೀದಾ ಚಿಕ್ಕಮ್ಮನ ಮುಖ ಕೊರೆದ. ಲಕ್ಷಗಟ್ಟಲೆ ನಾಣ್ಯ ಪೇಟೆಗೆ ಬಂದ ಮೇಲೆ ನನ್ನ ಕಿವಿಯಲ್ಲಿ ಉಸುರಿದ.

“ನಿನಗೇನು ತಲೆ ಕೆಟ್ಟಿದೆಯಾ ಚಿಕ್ಕಪ್ಪ? ಗೊತ್ತಾದ್ರೆ ಪಿಂಚಣಿಗೆ ಕಲ್ಲು ಬೀಳುತ್ತೆ.”

“ಬೀಳ್ಲಿ. ಮದುವೆಯಾದಾಗಿಂದ ಇವಳಿಗೆ ಅಂತ ಒಂದು ಉಂಗುರ ಮಾಡಿಸಿಲ್ಲ ನಾನು. ಒಂದ್ಸಲ ನೋಡಿ ಗುರುತು ಹಿಡಿದ್ರೆ ಸಾಕು.”

ತಾನಾಗಿ ಹೇಳಿದರೆ ಸ್ವಾರಸ್ಯವೇನು? ಊಟದ ಮೇಜಿನ ಮೇಲೆ, ಕನ್ನಡಿಯ ಮುಂದೆ, ಕೊನೆಗೆ ಅವಳ ದಿಂಬಿನ ಮೇಲೂ ನಾಣ್ಯ ಇಟ್ಟು ನೋಡಿದ. ಅವಳು ಎತ್ತಿ ಹಾಲಿನವನಿಗೆ ಕೊಟ್ಟಳು. ಒಮ್ಮೆ ಧೈರ್ಯ ಮಾಡಿ, “ಮುಖ ಹೇಗಿದೆ?” ಎಂದು ಕೇಳಿಯೇಬಿಟ್ಟ.

“ಯಾವಳೋ, ಹಲ್ಲುನೋವು ಬಂದೋಳ ಥರ ಇದಾಳೆ.”

ಚಿಕ್ಕಪ್ಪ ಎರಡು ದಿನ ಅನ್ನನೀರು ಬಿಟ್ಟವನಂತೆ ಮುಖ ಮಾಡಿಕೊಂಡು ಓಡಾಡಿದ. ಊಟ ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ. ನನಗೆ ನಗು ಬರುತ್ತಿತ್ತು, ಚಿಕ್ಕಮ್ಮನ ಮೇಲೆ ಸಿಟ್ಟೂ ಬರುತ್ತಿತ್ತು.

ಬೀಳ್ಕೊಡುಗೆಯ ದಿನ ನಾವೆಲ್ಲ ಹೋಗಿದ್ದೆವು. ಪಿಂಚಣಿಯ ಕಾಗದ ಸಾಹೇಬರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಭಾಷಣ ಕೊರೆದು ಮುಗಿಸಿದ ಸಾಹೇಬರು ಚಿಕ್ಕಪ್ಪ ಮಾಡಿದ ನಾಣ್ಯವನ್ನೇ ಗಾಜಿನ ಚೌಕಟ್ಟಿನಲ್ಲಿಟ್ಟು ಚಿಕ್ಕಮ್ಮನ ಕೈಗೆ ಕೊಡಹೋದರು. ನಾಣ್ಯ ನೋಡಿದರು, ಚಿಕ್ಕಮ್ಮನನ್ನು ನೋಡಿದರು, ಮತ್ತೆ ನಾಣ್ಯ ನೋಡಿದರು.

“ಅಮ್ಮಾ, ಇದು ನಿಮ್ಮ ಮುಖಾನೇ ಅಲ್ವಾ?”

ಚಿಕ್ಕಪ್ಪ ಸಹಿಯಾಗದ ಕಾಗದದ ಕಡೆ ನೋಡಿದ. ಚಿಕ್ಕಮ್ಮ ಚೌಕಟ್ಟಿನ ಕಡೆ ಕಣ್ಣೂ ಹಾಯಿಸಲಿಲ್ಲ.

“ನನ್ನ ಮಚ್ಚೆ ಎಡಗೆನ್ನೆ ಮೇಲಿದೆ ಸಾರ್. ಅವಳಿಗೆ ಬಲಗಡೆ. ಹೆಂಡ್ತಿ ಮಚ್ಚೆ ಎಲ್ಲಿದೆ ಅಂತ ಗಂಡಂಗೆ ಗೊತ್ತಿರಲ್ವಾ?”

ಸಾಹೇಬರು ಭೂತಗನ್ನಡಿ ತರಿಸಿ ನೋಡಿದರು. ಮಚ್ಚೆ ಬಲಗೆನ್ನೆಯ ಮೇಲೇ ಇತ್ತು. ನಕ್ಕು ಕಾಗದಕ್ಕೆ ಸಹಿ ಹಾಕಿದರು. ಜನ್ಮವಿಡೀ ಎಲ್ಲವನ್ನೂ ತಿರುಗಿಸಿ ಕೊರೆದ ಚಿಕ್ಕಪ್ಪ, ಆ ಒಂದು ಚುಕ್ಕೆಯನ್ನು ಮಾತ್ರ ಮೈಮರೆತು ಕಣ್ಣಿಗೆ ಕಂಡ ಕಡೆಯೇ ಕೊರೆದಿದ್ದ.

ರಸ್ತೆಗೆ ಬಂದ ಮೇಲೆ ಅವನು ನಿಂತುಬಿಟ್ಟ. “ಆ ಮಚ್ಚೆ ಬರಿಗಣ್ಣಿಗೆ ಕಾಣಲ್ಲ ಕಣೇ. ನಿನಗೆ ಹೇಗೆ ಗೊತ್ತಾಯ್ತು?”

“ನಿಮ್ಮ ಭೂತಗನ್ನಡಿ ಹಿಡ್ಕೊಂಡು ನೋಡಿದ್ದೆ. ಮೊದಲನೇ ದಿನಾನೇ.”

“ಮತ್ತೆ ವರ್ಷವಿಡೀ ಬಾಯಿ ಬಿಡಲಿಲ್ಲ?”

“ನಾನು ಹೂಂ ಅಂದಿದ್ರೆ ನೀವು ಬೀದಿಗೆಲ್ಲಾ ಸಾರ್ಕೊಂಡು ಬರ್ತಿದ್ರಿ. ನಿಮ್ಮ ಬಾಯಲ್ಲಿ ಮಾತು ನಿಲ್ಲುತ್ತಾ? ಒಂದು ನಾಣ್ಯ ಎತ್ತಿಟ್ಕೊಂಡಿದ್ದೆ. ದಿನಾ ಬೆಳಗ್ಗೆ ನೀವು ಸ್ನಾನಕ್ಕೆ ಹೋದಾಗ ನೋಡ್ಕೋತಿದ್ದೆ.”

ಚಿಕ್ಕಪ್ಪ ನಡುರಸ್ತೆಯಲ್ಲೇ ಗಳಗಳನೆ ಅತ್ತ. ಚಿಕ್ಕಮ್ಮ ಅವನ ತೋಳು ಹಿಡಿದು ಎಳೆದಳು.

“ಅಳೋದಾದ್ರೆ ಈ ಕಡೆ ಬಂದು ಅಳಿ. ಲಾರಿ ಬರ್ತಿದೆ.”