ಹಾಡಿದ್ದು ದೊಡ್ಡಕ್ಷರ, ಹೇಳಿದ್ದು ಸಣ್ಣಕ್ಷರ

ಹೊನ್ನಾವರದ ಬಂದರು ರಸ್ತೆಯಲ್ಲಿದ್ದ ರಮಾನಂದರ ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡುತ್ತಿದ್ದವಳು ಜಯಂತಿ. ಮಾವಿನಕುರ್ವೆಯವಳು. ಬೆಳಿಗ್ಗೆ ತಾಯಿ ಮೀನುಬುಟ್ಟಿಯೊಂದಿಗೆ ಹೊಳೆ ದಾಟುವ ದೋಣಿಯಲ್ಲೇ ಇವಳೂ ದಾಟುತ್ತಿದ್ದಳು. ದಡ ಸೇರಿದ ಮೇಲೆ ತಾಯಿ ಒಂದು ದಾರಿ, ಮಗಳು ಇನ್ನೊಂದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳೊಂದು ಮದುವೆ ಕಾಗದ ಕೆಡಿಸಿದ್ದಳು. ವಿಳಾಸದ ಇಂಗ್ಲಿಷ್ ಸಾಲಿಗೆ ಫಾಂಟ್ ಬದಲಿಸಲು ಹೋಗಿ ಪುಟವನ್ನೇ ಒಟ್ಟಿಗೆ ಆರಿಸಿಬಿಟ್ಟಳು. ಕುಲದೇವರು, ವಧೂವರರು, ಮುಹೂರ್ತ ಎಲ್ಲವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಉದುರಿದವು.

"ಎಲ್ಲಾ ಒಟ್ಟಿಗೆ ಮುಟ್ಟೂಕೆ ಹೋಗ್ಬೇಡ ಮಾರಾಯ್ತಿ" ಎಂದಿದ್ದರು ರಮಾನಂದ. ಅಂದಿನಿಂದ ಅವಳು ಒಂದೊಂದೇ ಸಾಲು ಹಿಡಿದು ಬದಲಿಸುತ್ತಿದ್ದಳು.

ಎರಡು ಸಾವಿರದ ನಾಲ್ಕರ ಮಳೆಗಾಲ ಕಳೆದ ಮೇಲೆ ಮಹಾಬಲ ಭಾಗವತರು ಬಂದರು. ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆಗೆಂದು ತಾವೇ ಕಟ್ಟಿದ ಹೊಸ ಯಕ್ಷಗಾನ ಪ್ರಸಂಗ. ದಿನಾ ಬಂದು ಪಕ್ಕದಲ್ಲಿ ಕೂತು ಹೇಳುತ್ತಿದ್ದರು, ಅವಳು ಟೈಪು ಮಾಡುತ್ತಿದ್ದಳು. ಪದ್ಯ ಬಂದರೆ ಅವರು ಮೆಲ್ಲಗೆ ಹಾಡುತ್ತಿದ್ದರು, ಅದನ್ನು ಅವಳು ದಪ್ಪಕ್ಷರದಲ್ಲಿ ಹಾಕುತ್ತಿದ್ದಳು. ನಡುವಿನ ಗದ್ಯ ಸಾದಾ ಅಕ್ಷರ.

ತಾಳಮದ್ದಳೆ ಕುಮಟಾದಲ್ಲಿ, ಸಂಜೆ ನಾಲ್ಕಕ್ಕೆ ಶುರುವಾದರೆ ಮುಗಿಯುವುದು ರಾತ್ರಿ. ಅಂದು ಮಧ್ಯಾಹ್ನ ಭಾಗವತರು ಹಾಳೆಗಳನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಕೆಳಗಿಟ್ಟರು.

"ಕಾಣ್ತಿಲ್ಲೆ ತಂಗಿ. ಯಾರತ್ರಾನೂ ಹೇಳ್ಬೇಡ. ಹರಿಹರಂಗೆ ಗೊತ್ತಾದ್ರೆ ಬೇರೆಯವ್ರನ್ನ ಕೂರಿಸ್ತ. ಮತ್ತೆ ನಾನು ಎದುರಿಗೆ ಕೂತು ಕೇಳೂದೇಯ."

ಹರಿಹರ ತಾಳಮದ್ದಳೆ ಏರ್ಪಡಿಸಿದವನು. ಭಾಗವತರನ್ನು ಕರೆದೊಯ್ಯಲು ಇನ್ನೇನು ಬರುವವನಿದ್ದ.

ಕಟ್ಟಿದ್ದು ತಾವೇ ಆದರೂ ಮದ್ದಳೆ ಕಾವೇರಿದಾಗ ಮುಂದಿನ ಪದ್ಯದ ಮೊದಲ ಸಾಲು ಕಣ್ಣಿಗೆ ಬೀಳದಿದ್ದರೆ ಅವರಿಗೆ ದಿಕ್ಕು ತಪ್ಪುತ್ತಿತ್ತು. ಹಾಗೆಂದು ಗದ್ಯವನ್ನೂ ದೊಡ್ಡದು ಮಾಡಿದರೆ ಹಾಳೆ ಹೆಚ್ಚುತ್ತದೆ. ತಾಳ ಹಿಡಿದ ಕೈ ಎಷ್ಟು ಸಲ ಮಗುಚೀತು? ಒಂದೊಂದೇ ಪದ್ಯ ಹಿಡಿದರೆ ಸಂಜೆಯಾಗುತ್ತದೆ.

ಹೊಸ ಕಂಪ್ಯೂಟರಿನಲ್ಲಿ ಒಂದೇ ರೂಪದ ಅಕ್ಷರಗಳನ್ನೆಲ್ಲ ಒಮ್ಮೆಲೇ ಆರಿಸುವ ದಾರಿಯಿದೆಯೆಂದು ಜಯಂತಿಗೆ ಗೊತ್ತಿತ್ತು. ಮುಟ್ಟಲು ಹೆದರಿದ್ದಳು. ಈಗ ಒಂದು ಪದ್ಯದ ಮೇಲೆ ಮೌಸ್ ಇಟ್ಟು ಒತ್ತಿದಳು. ಪುಟಪುಟಗಳಲ್ಲೂ ಪದ್ಯಗಳಷ್ಟೇ ಆಯ್ಕೆಯಾಗಿ, ಅವುಗಳ ಹಿನ್ನೆಲೆ ಕಪ್ಪಾಯಿತು. ಮೀನಿನ ರಾಶಿಯಿಂದ ತಾಯಿ ಬಂಗುಡೆಯನ್ನಷ್ಟೇ ಬೇರೆ ಮಾಡಿದ ಹಾಗೆ. ಅಳತೆ ಹೆಚ್ಚಿಸಿದಳು. ಗದ್ಯ ಕದಲಲಿಲ್ಲ.

ಪ್ರಿಂಟಾದ ಹಾಳೆಗಳನ್ನು ನೋಡುತ್ತಾ ಭಾಗವತರು ನಡುವೆ ನಿಂತರು. "ಇಲ್ಲಿ ಒಂದು ಶೋಕದ ಪದ್ಯ ಇತ್ತಲೆ, ಎಲ್ಲಿ ಹೋತು?"

ಅದು ಗದ್ಯದೊಳಗೆ ಸಣ್ಣಕ್ಷರದಲ್ಲೇ ಇತ್ತು. ನೆಗಡಿಯಾಗಿ ಗಂಟಲು ಕೂತ ದಿನಗಳಲ್ಲಿ ಅವರು ಪದ್ಯಗಳನ್ನು ಹಾಡದೆ ಹೇಳಿದ್ದರು.

"ಹಾಡಿದ್ರೆ ಪದ್ಯ, ಹೇಳಿದ್ರೆ ಮಾತು ಅಂತ ಮಾಡಿದ್ದೆ ನಾನು."

"ನನ್ನ ನೆಗಡಿ ಕಂಪ್ಯೂಟರಿಗೂ ತಾಗ್ತು ಹಾಗಾದ್ರೆ."

ಇನ್ನೆಷ್ಟು ಪದ್ಯ ಹೀಗೆ ಅಡಗಿವೆಯೋ ಯಂತ್ರಕ್ಕೆ ತಿಳಿಯದು. ಜಯಂತಿ ಗದ್ಯವನ್ನು ಗಟ್ಟಿಯಾಗಿ ಓದತೊಡಗಿದಳು. ಭಾಗವತರು ಕಣ್ಣು ಮುಚ್ಚಿ ಕೂತರು. ಕೆಲವು ಕಡೆ ಅವರ ಬೆರಳು ತಾನಾಗಿ ಮೇಜಿನ ಮೇಲೆ ತಾಳ ಹಾಕುತ್ತಿತ್ತು. ಬೆರಳು ಆಡಿದಲ್ಲೆಲ್ಲ ಅವಳು ಅಕ್ಷರ ದೊಡ್ಡದು ಮಾಡಿದಳು.

ಕೊನೆಯ ಹಾಳೆ ಹೊರಬರುವಾಗ ಹರಿಹರ ಒಳಗೆ ಬಂದು ಒಂದನ್ನು ಎತ್ತಿಕೊಂಡ.

"ಇದೆಂತ ಭಾಗವತ್ರೆ, ಅಂಗಡಿ ಬೋರ್ಡಿನಷ್ಟು ದೊಡ್ಡ ಅಕ್ಷರ!"

ಭಾಗವತರು ಉಳಿದ ಹಾಳೆಗಳನ್ನು ಜೋಡಿಸತೊಡಗಿದರು.

"ಕುಮಟಾದಾಗೆ ಕರೆಂಟ್ ಇರ್ತದಾ?" ಜಯಂತಿ ತಲೆಯೆತ್ತದೆ ಕೇಳಿದಳು. "ಗ್ಯಾಸ್ ಲೈಟಲ್ಲಿ ಸಣ್ಣಕ್ಷರ ಯಾರಿಗೆ ಕಾಣ್ತದೆ?"

"ಅದೂ ಹೌದು. ಮದ್ದಳೆಯವಂಗೂ ಒಂದು ಪ್ರತಿ ಹಾಕೇ."

ಕಾರು ಹೊರಟಿತು. ಹಾಳೆಗಳು ಭಾಗವತರ ತೊಡೆಯ ಮೇಲಿದ್ದವು. ಜಯಂತಿ ಕಿಟಕಿಯಿಂದ ಅಷ್ಟನ್ನು ಕಂಡಳು.

ಆಮೇಲೆ ಅಂಗಡಿಗೆ ಯಾರೇ ಏನೇ ತಂದರೂ ಕೀಲಿಮಣೆ ಮುಟ್ಟುವ ಮೊದಲು ಅವಳು ಕೇಳುತ್ತಿದ್ದಳು: "ಇದು ಹಾಡೂದಾ, ಹೇಳೂದಾ?" ಜಾಗದ ಕ್ರಯಪತ್ರ ತಂದವರು ನಗುತ್ತಿದ್ದರು.